ಸರಾಸರಿಯೂ ಗುಳೆಯೂ

ಕೃಷ್ಣೆಗೂ ತುಂಗಭದ್ರೆಗೂ ನಡುವಣ ಎಡೆದೊರೆ ನಾಡಿಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಕಾದಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಗೆದ್ದನು. ಅರಸರು ಪ್ರಾಣವನ್ನೊಡ್ಡಿ ಬಯಸಿದ ಈ ನೆಲವನ್ನು ಅಲ್ಲಿಯ ಒಕ್ಕಲಮಕ್ಕಳೇ ಗಂಟುಮೂಟೆ ಕಟ್ಟಿ ಬಿಟ್ಟು ನಡೆಯುವುದೇಕೆ? ಅರ್ಥಶಾಸ್ತ್ರವು ಉತ್ತರಿಸತಕ್ಕ ಮೊದಲ ಪ್ರಶ್ನೆಯಿದು.

ಉತ್ತರಕ್ಕೆ ಯತ್ನಿಸಿದವರಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರು ಅಗ್ರಗಣ್ಯರು. ಅವರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯು ರಾಜ್ಯದ ಸರಾಸರಿಯನ್ನು 1 ಎಂದಿರಿಸಿ ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದವೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ನಿರ್ಣಯಿಸಿತು. ದೇವದುರ್ಗವೂ ಮಾನ್ವಿಯೂ ಈ ಕಡೆಯ ವರ್ಗಕ್ಕೆ ಸೇರಿದವು. ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನೂ ಸಮಿತಿಯು ಸೂಚಿಸಿತು. ಜಿಲ್ಲೆಯ ಸರಾಸರಿಯ ಮರೆಯಲ್ಲಿ ಅಡಗಿದ್ದ ತಾಲ್ಲೂಕನ್ನು ಬೆಳಕಿಗೆ ತಂದದ್ದು ಆ ವರದಿಯ ಮಹೋಪಕಾರ.

ಆದರೆ ಆಮೇಲಿನ ಚರ್ಚೆಯೆಲ್ಲವೂ ಕೋಟಿಗಳ ಎಣಿಕೆಯಲ್ಲಿಯೇ ಸಿಕ್ಕಿಕೊಂಡಿತು. 2013ರಲ್ಲಿ ಸಂವಿಧಾನಕ್ಕೆ 371ಜೆ ವಿಧಿಯು ಸೇರಿತು. ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಮೀಸಲು ದೊರೆಯಿತು. ಇವು ಸಣ್ಣ ಲಾಭಗಳಲ್ಲ. ಆದರೂ ಶಾಲೆಯನ್ನೇ ಮುಗಿಸದ ಹುಡುಗನಿಗೆ ಕಾಲೇಜಿನ ಮೀಸಲಿನಿಂದ ಆಗುವುದೇನು?

ಕೂಲಿ ಹೆಚ್ಚಿರುವಲ್ಲಿಗೆ ಶ್ರಮವು ಹರಿಯುವುದು ಸಹಜ, ಗುಳೆಯು ಶ್ರಮಿಕನ ಸ್ವಾತಂತ್ರ್ಯವೆಂದು ಕೆಲವರು ವಾದಿಸುವರು. ಉಳಿಯಲು ದಾರಿಯಿದ್ದವನು ಹೊರಟರೆ ಅದು ಸ್ವಾತಂತ್ರ್ಯ. ದಾರಿಯಿಲ್ಲದವನು ಹೊರಟರೆ ಅದಕ್ಕೆ ಆ ಹೆಸರು ಸಲ್ಲದು. ಬೆಂಗಳೂರಿನ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವವರು, ಮಗುವಿಗೆ ತಪ್ಪಿದ ಪಾಠ, ಬೀಗ ಬಿದ್ದ ಮನೆಯಲ್ಲಿ ಒಂಟಿಯಾದ ಮುದುಕಿ, ಗುತ್ತೇದಾರನ ಮುಂಗಡದ ಋಣ ಇವನ್ನು ಯಾವ ಕಲಮಿನಲ್ಲಿ ಬರೆಯುವರು?

2006ರಲ್ಲಿ ಉದ್ಯೋಗ ಖಾತರಿ ಕಾಯಿದೆಯು ಮೊದಲು ಜಾರಿಗೆ ಬಂದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಗುಳೆಯು ನಿಲ್ಲಲಿಲ್ಲ. ಜನರು ಸೋಮಾರಿಗಳೆಂಬುದು ಕಾರಣವಲ್ಲ; ಸೋಮಾರಿಗಳು ಊರೂರು ಅಲೆದು ಕಲ್ಲು ಹೊರುವುದಿಲ್ಲ. ಸರ್ಕಾರದ ಕೂಲಿಯು ದುಡಿದ ಎಷ್ಟೋ ದಿನಗಳ ಮೇಲೆ ಬರುವುದಾದರೆ, ಗುತ್ತೇದಾರನ ಮುಂಗಡವು ದುಡಿಯುವ ಮೊದಲೇ ಕೈಸೇರುವುದು. ಹಸಿದ ಮನೆಗೆ ಹಣದ ಮೊತ್ತಕ್ಕಿಂತ ಅದು ಬರುವ ದಿನವೇ ದೊಡ್ಡದು.

ಮಾನ್ವಿಯ ಕಷ್ಟವು ಬೇರೆ ಬಗೆಯದು. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಬಹುಮಟ್ಟಿಗೆ ಲಘು ನೀರಾವರಿ ಬೆಳೆಗಳಿಗೆಂದು ಯೋಜಿಸಲಾಯಿತು. ಮೇಲ್ಭಾಗದಲ್ಲಿ ನಿಯಮ ಮೀರಿ ಬತ್ತವು ಹಬ್ಬಿತು. ಕೊನೆಭಾಗದ ಹೊಲವು ಒಣಗಿತು. ನೀರಾವರಿ ಪ್ರದೇಶವೆಂದು ಕಾಗದದಲ್ಲಿ ಬರೆದ ಭೂಮಿಯ ರೈತನು ಮುಗಿಲನ್ನೇ ನೋಡುತ್ತ ನಿಲ್ಲುವನು. ಇದಕ್ಕೆ ಬೇಕಾದದ್ದು ಹೊಸ ಕೋಟಿಗಳಿಗಿಂತ ಮೊದಲು ಇರುವ ನಿಯಮವನ್ನು ನಡೆಸುವ ಧೈರ್ಯ. ಮೇಲಿನವರಿಗೆ ಮತವೂ ಬಲವೂ ಉಂಟೆಂದು ಅಧಿಕಾರವು ಅಂಜಿದರೆ, ಆ ಅಂಜಿಕೆಯ ದಂಡವನ್ನು ಕೆಳಗಿನವರು ತೆರುವರು.

ಆದುದರಿಂದ ಆಯವ್ಯಯದ ಜೊತೆಯಲ್ಲಿ ತಾಲ್ಲೂಕುವಾರು ಇನ್ನೊಂದು ಲೆಕ್ಕವೂ ವರ್ಷವರ್ಷ ಪ್ರಕಟವಾಗತಕ್ಕದ್ದು: ಗುಳೆಯಿಂದ ಬೀಗ ಬಿದ್ದ ಮನೆಗಳೆಷ್ಟು, ಶಾಲೆ ಬಿಟ್ಟ ಮಕ್ಕಳೆಷ್ಟು, ಕೂಲಿ ಎಷ್ಟನೆಯ ದಿನ ಕೈಸೇರಿತು, ಕಾಲುವೆಯ ಕಡೆಯ ತೂಬಿಗೆ ನೀರು ಎಂದು ಮುಟ್ಟಿತು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸದ ಯೋಜನೆಯು ಎಷ್ಟು ಕೋಟಿಯದಾದರೂ ದೇವದುರ್ಗದ ಒಲೆಯನ್ನು ಹೊತ್ತಿಸಲಾರದು.