ಕೈಗುಣವಲ್ಲ, ತಂಬಿಗೆಯ ದೋಷ

“ನನ್ನ ಕೈಗುಣ ಸರಿಯಿಲ್ಲ ಸರ್, ತಂದ ಗಿಡ ಉಳಿಯುವುದಿಲ್ಲ” ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ನೊಂದು ನುಡಿದಳು. ಪಕ್ಕದಲ್ಲಿದ್ದ ಅವಳ ಪುಟ್ಟ ಮಗಳು “ನನ್ನದೂ ಹಾಗೇ” ಎಂದಾಗ ನನಗೆ ಸಿಟ್ಟು ಬಂತು. ತರಗತಿಯಲ್ಲಿ ‘ದಡ್ಡ’ ಎಂಬ ಹಣೆಪಟ್ಟಿ ಎಷ್ಟು ಸುಳ್ಳೋ, ಕೈಗುಣವೆಂಬ ಮಾತೂ ಅಷ್ಟೇ ಸುಳ್ಳು. ಗಿಡ ಸತ್ತದ್ದು ಕೈಯಿಂದಲ್ಲ, ತಂಬಿಗೆಯಿಂದ.

ಅವಳು ಕುಂಡಕ್ಕೆ ತುಂಬಿದ್ದು ಹೊಲದ ಬರಿಯ ಎರೆಮಣ್ಣು. ಸುರಿದದ್ದು ದಿನವೂ ತಂಬಿಗೆ ನೀರು. ಎರೆಮಣ್ಣು ನೀರನ್ನು ಹಿಡಿದಿಡುತ್ತದೆ. ಗಾಳಿಯಿಲ್ಲದೆ ಬೇರು ಕೊಳೆಯುತ್ತದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ನೀರು ಕಾಲುವೆಯಲ್ಲಿ ಬಂದ ಮೇಲೆ ಗೋಕಾಕ, ಮೂಡಲಗಿಯ ಕಡೆ ಅತಿಯಾಗಿ ಹಾಯಿಸಿ ಎಷ್ಟೋ ಎರೆಹೊಲಗಳು ಸವುಳು-ಜವುಳಾದವು. ಹೊಲದಲ್ಲಿ ಕಲಿತ ಪಾಠವನ್ನು ಪಡಸಾಲೆಯಲ್ಲಿ ಮರೆಯುವುದೇಕೆ?

‘ಆರೈಕೆ ಬೇಡದ ಗಿಡ’ ಎಂದು ಮಾರುವವರನ್ನೂ ನಂಬಬೇಡಿ. ಅಂಥ ಗಿಡವಿಲ್ಲ, ನಮ್ಮ ಮರೆವನ್ನು ಕ್ಷಮಿಸುವ ಗಿಡಗಳುಂಟು. ಲೋಳೆಸರ ಎಲೆಯಲ್ಲೇ ನೀರು ಕೂಡಿಡುತ್ತದೆ. ಅದಕ್ಕೆ ಬಿಸಿಲು ಬೀಳುವ ಕಿಟಕಿ ಸಾಕು. ದೊಡ್ಡಪತ್ರೆಯ ತುಂಡೊಂದನ್ನು ನೆಟ್ಟರೆ ಚಿಗುರುತ್ತದೆ. ನೆರೆಮನೆಯಲ್ಲಿ ಕೇಳಿದರಾಯಿತು, ದುಡ್ಡೇಕೆ? ಬೆಳಕು ಕಡಿಮೆಯಿರುವ ಕೋಣೆಯನ್ನು ಸ್ನೇಕ್ ಪ್ಲಾಂಟ್ ತಾಳಿಕೊಳ್ಳುತ್ತದೆ.

ಕುಂಡದ ತಳದಲ್ಲಿ ತೂತಿರಲಿ. ಎರೆಮಣ್ಣಿಗೆ ಮರಳು, ಗೊಬ್ಬರ ಬೆರೆಸಿರಿ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿರಿ. ತೇವವಿದ್ದರೆ ತಂಬಿಗೆಯನ್ನು ಕೆಳಗಿಡಿರಿ.

ಆ ಬಾಲೆಯ ಕೈಗೆ ಲೋಳೆಸರದ ಮರಿಯೊಂದನ್ನು ಕೊಟ್ಟು ಕಳುಹಿಸಿದೆ. ಮನೆಪಾಠ ಒಂದೇ: ನೆಟ್ಟ ಮೇಲೆ ಒಂದು ವಾರ ನೀರು ಹಾಕಕೂಡದು.