ಮರಳಿಗಿಳಿಯುವ ಗಾಡಿಗೆ ಎಷ್ಟು ಸಜ್ಜು ಬೇಕು?

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಲ್ಲಿ ವಾರದ ರಜೆ ಬಂತೆಂದರೆ ಮರಳುಗಾಡಿನತ್ತ ಗಾಡಿ ತಿರುಗಿಸುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಹೊಸಬರು ದುಬೈಯಿಂದ ಹತ್ತಾ ರಸ್ತೆ ಹಿಡಿದು ಅಲ್ ಬದಾಯರ್‌ನ ಕೆಂಪು ದಿಬ್ಬಗಳಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ. ಧೈರ್ಯ ಬಂದವರು ಅಬುಧಾಬಿಯ ದಕ್ಷಿಣಕ್ಕಿರುವ ಲಿವಾಕ್ಕೆ ಹೋಗುತ್ತಾರೆ. ಅಲ್ಲಿನ ತಲ್ ಮೊರೀಬ್ ದಿಬ್ಬ ಒಂದರ ಎತ್ತರವೇ ಸುಮಾರು 300 ಮೀಟರ್. ಅದರಾಚೆ ರುಬ್ ಅಲ್ ಖಾಲಿ ಶುರುವಾಗುತ್ತದೆ. ಅದು ಸುಮಾರು 6.5 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ ಮೂರು ಪಟ್ಟಿಗೂ ಮೀರಿದ ಮರಳು.

ಈ ಬಳಗದಲ್ಲಿ ಮುಗಿಯದ ಜಗಳವೊಂದಿದೆ. ಷೋರೂಮಿನಿಂದ ಬಂದ ಫೋರ್ ವೀಲ್ ಡ್ರೈವ್ ಗಾಡಿಯನ್ನು ಹಾಗೆಯೇ ಮರಳಿಗೆ ಇಳಿಸಬಹುದೇ? ಅಥವಾ ಹಗ್ಗ ಸುತ್ತಿ ಗಾಡಿ ಎಳೆಯುವ ವಿಂಚು, ಎತ್ತರಿಸಿದ ಸಸ್ಪೆನ್ಷನ್, ದೊಡ್ಡ ಟೈರು, ಉಕ್ಕಿನ ಬಂಪರ್, ಚಾವಣಿಯ ಮೇಲೊಂದು ಕ್ಯಾರಿಯರ್ ಎಂದು ಮೊದಲೇ ಸಜ್ಜುಗೊಳಿಸಬೇಕೇ?

ಒಂದು ವಿಷಯದಲ್ಲಿ ಮಾತ್ರ ಎರಡೂ ಕಡೆಯವರಿಗೆ ತಕರಾರಿಲ್ಲ. ಟೈರಿನ ಗಾಳಿ ಇಳಿಸದೆ ಮರಳಿಗೆ ಕಾಲಿಡಬಾರದು. ಡಾಂಬರು ರಸ್ತೆಯಲ್ಲಿ 35 ಪಿಎಸ್ಐ ಇರುವ ಗಾಳಿಯನ್ನು 15ರ ಆಸುಪಾಸಿಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿಕೊಂಡು, ನೆಲಕ್ಕೆ ತಾಗುವ ಜಾಗ ಲೆಕ್ಕದ ಪ್ರಕಾರ ಎರಡು ಪಟ್ಟು ಮೀರುತ್ತದೆ. ಒಂಟೆಯ ಪಾದ ಭಾರ ಬಿದ್ದಾಗ ಅಗಲವಾಗಿ ಹರಡಿ ಮರಳಿನ ಮೇಲೇ ನಿಲ್ಲುತ್ತದಲ್ಲ, ಇದೂ ಹಾಗೆಯೇ. ಜಗಳವೆಲ್ಲ ಗಾಳಿ ಇಳಿಸಿದ ಮೇಲಿನದು.

ಪರ: ಸಜ್ಜಿಲ್ಲದೆ ಇಳಿಯುವುದು ಜೀವದ ಜೊತೆ ಆಟ

ಮರಳಿನಲ್ಲಿ ಎಂಥ ಗಾಡಿಯೂ ಹೂತುಹೋಗುತ್ತದೆ. ಎಷ್ಟು ಪಳಗಿದ ಚಾಲಕನೂ ಒಂದಲ್ಲ ಒಂದು ಸಲ ದಿಬ್ಬದ ನೆತ್ತಿಯ ಮೇಲೆ ಹೊಟ್ಟೆ ತಾಗಿಸಿ, ನಾಲ್ಕೂ ಚಕ್ರ ಸುಮ್ಮನೆ ತಿರುಗಿಸುತ್ತ ಕೂರುತ್ತಾನೆ. ಹೂತ ಗಾಡಿಯನ್ನು ಎಬ್ಬಿಸುವುದು ಬರೀ ಕೈಯಿಂದ ಆಗುವ ಕೆಲಸವಲ್ಲ.

ಮೋಟಾರು ಗಾಡಿ ಮರಳಿನ ಸಮುದ್ರವನ್ನು ದಾಟಬಲ್ಲದೆಂದು ತೋರಿಸಿಕೊಟ್ಟವರಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನೋಲ್ಡ್ ಮುಖ್ಯ. 1920ರ ದಶಕದ ಕೊನೆಯಿಂದ ಆತ ಈಜಿಪ್ಟ್, ಲಿಬಿಯಾದ ಮರಳುಗಾಡನ್ನು ಫೋರ್ಡ್ ಕಾರುಗಳಲ್ಲಿ ಸುತ್ತಿದ. ರೇಡಿಯೇಟರ್ ಕುದಿದು ನೀರು ಆವಿಯಾಗಿ ಹೋಗುವುದು ಆಗಿನ ದೊಡ್ಡ ಕಷ್ಟ. ಆ ಆವಿಯನ್ನು ಕೊಳವೆಯಲ್ಲಿ ಪಕ್ಕದ ನೀರಿನ ಡಬ್ಬಕ್ಕೆ ಹಾಯಿಸಿ, ಎಂಜಿನ್ ತಣಿದಾಗ ನೀರು ತಾನಾಗಿ ರೇಡಿಯೇಟರಿಗೆ ಮರಳುವಂತೆ ಆತ ಮಾಡಿದ. ಗಾಡಿಯ ಕಬ್ಬಿಣದಿಂದ ದಿಕ್ಸೂಚಿಯ ಮುಳ್ಳು ಹಾದಿ ತಪ್ಪುತ್ತದೆಂದು, ಸೂರ್ಯನ ನೆರಳಿನಿಂದ ದಿಕ್ಕು ತಿಳಿಸುವ ಸಾಧನವನ್ನು ಗಾಡಿಗೆ ಜೋಡಿಸಿದ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ಚಾವಣಿಗೆಂದು ಮಾಡಿದ್ದ ಉಕ್ಕಿನ ಪಟ್ಟಿಗಳು ಕೈರೋದ ಗುಜರಿಯಲ್ಲಿ ಸಿಕ್ಕಾಗ ಅವನ್ನು ತಂದು ಹೂತ ಚಕ್ರದಡಿ ಹಾಸಿದ. ಇಂದು ಅಂಗಡಿಗಳಲ್ಲಿ ಮಾರುವ ಬಣ್ಣಬಣ್ಣದ ಪ್ಲಾಸ್ಟಿಕ್ ಹಲಗೆಗಳ ಮೂಲ ಅದೇ. 1940ರಲ್ಲಿ ಆತ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಎಂಬ ಸೇನಾ ತುಕಡಿ ಇದೇ ಸಜ್ಜು ಹೊತ್ತ ಲಾರಿಗಳಲ್ಲಿ ಶತ್ರುವಿನ ಬೆನ್ನಹಿಂದೆ ಓಡಾಡಿತು. ಚಾಲನೆಯ ಜಾಣ್ಮೆ ಅವರಿಗೆ ಕಡಿಮೆಯಿರಲಿಲ್ಲ. ಆದರೂ ಸಲಕರಣೆ ಬಿಟ್ಟು ಹೊರಡಲಿಲ್ಲ.

ಹಗ್ಗದ ವಿಷಯವನ್ನೇ ನೋಡಿ. ಹೂತ ಗಾಡಿಯನ್ನು ಮಾಮೂಲಿ ಸರಪಳಿ ಕಟ್ಟಿ ಜಗ್ಗಿದರೆ ಒಂದೋ ಸರಪಳಿ ತುಂಡಾಗುತ್ತದೆ, ಇಲ್ಲವೇ ಗಾಡಿಯ ಭಾಗ ಕಿತ್ತು ಬರುತ್ತದೆ. ಇದಕ್ಕೆಂದೇ ಮಾಡಿದ ನೈಲಾನ್ ಹಗ್ಗ ತನ್ನ ಉದ್ದದ ಶೇ. 20ರಿಂದ 30ರಷ್ಟು ಹಿಗ್ಗಿ, ಎಳೆತದ ಶಕ್ತಿಯನ್ನು ತನ್ನೊಳಗೆ ತುಂಬಿಕೊಂಡು, ಆಮೇಲೆ ಮೆತ್ತಗೆ ಎಬ್ಬಿಸುತ್ತದೆ. ಅದನ್ನು ಕಟ್ಟಲು ಚಾಸಿಗೆ ಬೋಲ್ಟ್ ಹಾಕಿದ, ಇಷ್ಟು ಟನ್ ತಾಳುತ್ತದೆಂದು ನಮೂದಾದ ಕೊಕ್ಕೆಯೇ ಬೇಕು. ಅನೇಕ ಗಾಡಿಗಳ ಮುಂಭಾಗದಲ್ಲಿ ಕಾಣುವ ತೆಳ್ಳನೆಯ ಕಬ್ಬಿಣದ ಬಳೆ ಹಡಗಿನಲ್ಲಿ ಗಾಡಿ ಸಾಗಿಸುವಾಗ ಬಿಗಿಯಲು ಇಟ್ಟದ್ದು. ಹಿಂಭಾಗದ ಟೋ ಬಾಲಿಗೆ ಹಗ್ಗ ಹಾಕಿ ಜಗ್ಗಿದಾಗ ಆ ಗುಂಡು ಕಿತ್ತು, ಗುಂಡೇಟಿನಂತೆ ಗಾಜು ಒಡೆದು ಒಳಗಿದ್ದವರನ್ನು ಕೊಂದ ಪ್ರಕರಣಗಳು ಆಸ್ಟ್ರೇಲಿಯಾದಲ್ಲಿ ನಡೆದಿವೆ. ಸರಿಯಾದ ಕೊಕ್ಕೆಗೆ ಹಾಕುವ ದುಡ್ಡು ದಂಡವೆಂದು ಯಾರಾದರೂ ಹೇಳಿಯಾರೆ?

ಇನ್ನು ಸಸ್ಪೆನ್ಷನ್. ಕುಟುಂಬ, ಡೇರೆ, ನೀರು, ಇಂಧನ ಎಲ್ಲ ತುಂಬಿದ ಗಾಡಿ ಗಂಟೆಗಟ್ಟಲೆ ಏರಿಳಿದರೆ ಕಂಪನಿಯಿಂದ ಬಂದ ಶಾಕ್ ಅಬ್ಸಾರ್ಬರ್ ಕಾದು ಬಲ ಕಳೆದುಕೊಳ್ಳುತ್ತದೆ. ಗಟ್ಟಿಯಾದದ್ದನ್ನು ಹಾಕಿಸಿದರೆ ಗಾಡಿ ಹಿಡಿತದಲ್ಲಿರುತ್ತದೆ, ಬೆನ್ನೂ ಉಳಿಯುತ್ತದೆ. ಓರೆ ದಿಬ್ಬದಲ್ಲಿ ಒಂದು ಚಕ್ರ ಮೇಲೆದ್ದರೆ ಎಂಜಿನಿನ ಶಕ್ತಿಯೆಲ್ಲ ಅದಕ್ಕೇ ಹರಿದು ವ್ಯರ್ಥವಾಗುತ್ತದೆ. ಡಿಫರೆನ್ಷಿಯಲ್ ಲಾಕ್ ಇದ್ದರೆ ನೆಲ ಕಚ್ಚಿದ ಚಕ್ರವೂ ತಿರುಗುತ್ತದೆ. ಮೃದು ಮರಳಿನಲ್ಲಿ ಪೆಟ್ರೋಲ್ ಖರ್ಚು ಹೆದ್ದಾರಿಯ ದುಪ್ಪಟ್ಟಾಗುವುದು ಸಾಮಾನ್ಯವಾದ್ದರಿಂದ ಹೆಚ್ಚುವರಿ ಟ್ಯಾಂಕ್ ಕೂಡ ಬೇಕೇ ಬೇಕು.

ಎಲ್ಲಕ್ಕಿಂತ ದೊಡ್ಡದು ಸಂಪರ್ಕ ಸಾಧನ. 1982ರ ಪ್ಯಾರಿಸ್–ಡಕಾರ್ ರ‍್ಯಾಲಿಯಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಮಗ ಮಾರ್ಕ್ ಸಹಾರಾದಲ್ಲಿ 6 ದಿನ ಪತ್ತೆಯಿಲ್ಲದೆ ಹೋದ. ಕೊನೆಗೆ ಅಲ್ಜೀರಿಯಾದ ಸೇನಾ ವಿಮಾನ ಕಂಡುಹಿಡಿಯಿತು. ಅದೇ ರ‍್ಯಾಲಿಯನ್ನು 2015ರಲ್ಲಿ ಪೂರ್ತಿಗೊಳಿಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ನಡೆದ ಅದೇ ರ‍್ಯಾಲಿಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಅವರನ್ನು ಹೆಲಿಕಾಪ್ಟರಿನಲ್ಲಿ ರಿಯಾದಿನ ಆಸ್ಪತ್ರೆಗೆ ಸಾಗಿಸಲಾಯಿತು. ವೈದ್ಯರು ಕೋಮಾದಲ್ಲಿರಿಸಿ ಚಿಕಿತ್ಸೆ ಕೊಟ್ಟರು, ಬದುಕಿ ಬಂದರು. ಅಂಥ ರ‍್ಯಾಲಿಯ ಹಿಂದೆ ಹೆಲಿಕಾಪ್ಟರು, ವೈದ್ಯರು ಇರುತ್ತಾರೆ. ವಾರದ ರಜೆಗೆ ಹೊರಟವರ ಹಿಂದೆ ಯಾರಿದ್ದಾರೆ? ಲಿವಾದ ಒಳಗೆ ಮೊಬೈಲ್ ಸಿಗ್ನಲ್ ಕೈಕೊಡುವ ಜಾಗದಲ್ಲಿ ಸ್ಯಾಟಲೈಟ್ ಫೋನ್ ಒಂದೇ ಆಸರೆ.

ವಿರೋಧ: ಹೊರೆ ಹೆಚ್ಚಿದಷ್ಟೂ ಮರಳು ಎಳೆದುಕೊಳ್ಳುತ್ತದೆ

ಬ್ಯಾಗ್ನೋಲ್ಡ್‌ನ ಹೆಸರು ಹೇಳುವವರು ಆತನ ಅರ್ಧ ಕಥೆಯನ್ನು ಮಾತ್ರ ಹೇಳುತ್ತಾರೆ. ಆತ ಗಾಡಿಗೆ ಏನೇನು ಸೇರಿಸಿದನೆಂದು ಪಟ್ಟಿ ಕೊಡುವ ಮೊದಲು ಏನೇನು ಕಿತ್ತು ಎಸೆದನೆಂದು ಹೇಳಬೇಕು. ಕಾರುಗಳ ಮೈಕಟ್ಟನ್ನೇ ತೆಗೆದು ಹಗುರಾದ ಮರದ ಪೆಟ್ಟಿಗೆ ಕೂರಿಸಿದ. ಯುದ್ಧದ ಲಾರಿಗಳ ಬಾಗಿಲು, ಮುಂಗಾಜು, ಚಾಲಕನ ಕೋಣೆಯ ಮಾಡು ಎಲ್ಲ ಹೋದವು. ಆತ ಹೊತ್ತದ್ದು ವಾರಗಟ್ಟಲೆಯ ಪಯಣಕ್ಕೆ ಬೇಕಾದ ನೀರು, ಪೆಟ್ರೋಲು. ಶನಿವಾರ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವವನಿಗೆ ಆ ಹೋಲಿಕೆ ಎಲ್ಲಿಂದ ಬಂತು?

ಲೆಕ್ಕ ಸರಳ. ಲ್ಯಾಂಡ್ ಕ್ರೂಸರಿನಂಥ ಗಾಡಿ ತಾನೇ ಸುಮಾರು ಎರಡೂವರೆ ಟನ್ ತೂಗುತ್ತದೆ. ಉಕ್ಕಿನ ಬಂಪರು, ವಿಂಚು ಸೇರಿದರೆ ಮೂತಿಯ ಮೇಲೆ 100 ಕಿಲೋ ಸಮೀಪ ಭಾರ ಬೀಳುತ್ತದೆ. ದಿಬ್ಬ ಇಳಿದು ಮುಂದಿನ ದಿಬ್ಬ ಹತ್ತುವ ತಿರುವಿನಲ್ಲಿ ಮೊದಲು ಮರಳಿಗೆ ಕುಕ್ಕುವುದು ಆ ಮೂತಿಯೇ. ಚಾವಣಿಯ ಮೇಲೆ ಡೇರೆ, ಬಿಡಿ ಟೈರು, ನೀರಿನ ಕ್ಯಾನು ಹೇರಿ, ಸಸ್ಪೆನ್ಷನ್ ಎತ್ತರಿಸಿ, ಟೈರನ್ನೂ ದೊಡ್ಡದು ಮಾಡಿದರೆ ಗುರುತ್ವ ಕೇಂದ್ರ ಮೇಲೇರುತ್ತದೆ. ದಿಬ್ಬದ ಗಾಳಿಮರೆಯ ಮುಖ 32ರಿಂದ 34 ಡಿಗ್ರಿ ಇಳಿಜಾರಿನದು, ತೀರಾ ಸಡಿಲವಾದದ್ದು. ಅಲ್ಲಿ ನೇರ ಇಳಿಯಬೇಕು. ಸ್ವಲ್ಪ ಓರೆಯಾದರೂ, ಕೆಳಗಿನ ಚಕ್ರ ಮರಳಿಗಿಳಿದು ಗಾಡಿ ಮಗುಚುತ್ತದೆ. ಎತ್ತರಿಸಿದ ಗಾಡಿ ಇನ್ನೂ ಬೇಗ ಮಗುಚುತ್ತದೆ.

ವಿಂಚಿನ ಮಾತು ಬಂದಾಗ ನಮಗೆ ನಿಜಕ್ಕೂ ಸಂಕಟವಾಗುತ್ತದೆ. ಕೊಡಗಿನ ಕಾಫಿ ತೋಟದ ಕೆಸರಿನಲ್ಲಿ ವಿಂಚು ದೇವರು, ಏಕೆಂದರೆ ಹಗ್ಗ ಸುತ್ತಲು ಮರವಿದೆ. ಲಿವಾದ ದಿಬ್ಬಗಳ ನಡುವೆ ಯಾವ ಮರಕ್ಕೆ ಸುತ್ತುತ್ತೀರಿ? ಬಿಡಿ ಟೈರನ್ನು ಆಳಕ್ಕೆ ಹೂತು ಅದಕ್ಕೆ ಕಟ್ಟಬಹುದು. 45 ಡಿಗ್ರಿ ಬಿಸಿಲಲ್ಲಿ ಅಷ್ಟು ಅಗೆಯುವ ಕಸುವಿದ್ದರೆ ಚಕ್ರದ ಮುಂದಿನ ಮರಳನ್ನೇ ಸಲಿಕೆಯಿಂದ ತೆಗೆದು, ಗಾಳಿ ಇನ್ನೂ ಎರಡು ಮೂರು ಪಿಎಸ್ಐ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ಬರಬಹುದು.

ಒಂಟೆ ಸಾಕುವ ಬೆದೂಯಿನ್ ಜನರನ್ನು ನೋಡಿ. ಅವರ ಹಳೆಯ ಲ್ಯಾಂಡ್ ಕ್ರೂಸರ್ ಪಿಕಪ್ಪುಗಳಲ್ಲಿ ಹಿಂದೆ ಮೇವಿನ ಮೂಟೆ ಬಿಟ್ಟರೆ ಅಲಂಕಾರವೇನೂ ಕಾಣದು. ಅವರ ಬಂಡವಾಳವೆಲ್ಲ ಮರಳು ಓದುವ ಕಣ್ಣಿನಲ್ಲಿದೆ. ಗಾಳಿ ಬೀಸುವ ಕಡೆಯ ಇಳಿಜಾರು ಬಿಗಿಯಾಗಿರುತ್ತದೆ, ಬೆಳಗಿನ ತೇವದಲ್ಲಿ ಮರಳು ಗಟ್ಟಿ, ಎಳೆಬಿಸಿಲಿನ ನೆರಳಲ್ಲಿ ಹಳ್ಳದಿಣ್ಣೆ ಕಾಣುತ್ತವೆ, ನಡುಹಗಲಲ್ಲಿ ಎಲ್ಲ ಸಮತಟ್ಟೆಂದು ಕಣ್ಣು ಮೋಸಹೋಗುತ್ತದೆ. ಬ್ರೇಕು ಒತ್ತಿದರೆ ಚಕ್ರದ ಮುಂದೆ ಮರಳಿನ ಗೋಡೆ ಏಳುತ್ತದೆಂದು ಅವರು ಗಾಡಿಯನ್ನು ತಾನಾಗಿ ನಿಲ್ಲಲು ಬಿಡುತ್ತಾರೆ. ಈ ವಿದ್ಯೆ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ಸಲಕರಣೆ ತರುವ ಹುಂಬ ಧೈರ್ಯ ಇನ್ನೂ ದೊಡ್ಡ ಅಪಾಯ. ಒಮನ್ನಿನ ಗಡಿಯ ಉಮ್ ಅಲ್ ಸಮೀಮ್‌ನಂಥ ಸಬ್ಖಾಗಳಲ್ಲಿ ಮೇಲೆ ಉಪ್ಪಿನ ಗಟ್ಟಿ ಪದರ, ಅಡಿಯಲ್ಲಿ ಕೆಸರು. ಸಾಧಾರಣ ಗಾಡಿಯವನು ದೂರದಿಂದಲೇ ಬಳಸಿ ಹೋಗುತ್ತಾನೆ. ಲಕ್ಷಗಟ್ಟಲೆ ಸುರಿದು ಗಾಡಿ ಕಟ್ಟಿದವನು ದಾಟಿಬಿಡುತ್ತೇನೆಂದು ನುಗ್ಗುತ್ತಾನೆ, ಪದರ ಒಡೆದರೆ ಮೂರು ಟನ್ನಿನ ಗಾಡಿ ಆಕ್ಸಲ್‌ವರೆಗೆ ಇಳಿಯುತ್ತದೆ.

ನೆಲದ ಪ್ರಶ್ನೆಯೂ ಇದೆ. ಸರಿಯುವ ದಿಬ್ಬದ ಮೇಲಿನ ಜಾಡನ್ನು ಗಾಳಿ ಅಳಿಸುತ್ತದೆ. ದಿಬ್ಬಗಳ ನಡುವಿನ ಜಲ್ಲಿ ಬಯಲು ಹಾಗಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ, ಅರಿಜೋನಾ ಮರುಭೂಮಿಯಲ್ಲಿ ಜನರಲ್ ಪ್ಯಾಟನ್ 1942ರಲ್ಲಿ ಆರಂಭಿಸಿದ ತರಬೇತಿ ಶಿಬಿರದ ಟ್ಯಾಂಕುಗಳ ಜಾಡು ಇಂದಿಗೂ ಕಾಣುತ್ತದೆ. ಮಣ್ಣಿನ ಮೇಲ್ಪದರವನ್ನು ಹಿಡಿದಿಡುವ ಸೂಕ್ಷ್ಮಜೀವಿಗಳ ಪೊರೆ ಒಮ್ಮೆ ಪುಡಿಯಾದರೆ ಮತ್ತೆ ಕೂಡಿಕೊಳ್ಳಲು ದಶಕಗಳೇ ಬೇಕು. ದುಬೈ 2003ರಲ್ಲೇ 225 ಚದರ ಕಿಲೋಮೀಟರನ್ನು ಸಂರಕ್ಷಿತ ಮರುಭೂಮಿಯೆಂದು ಬೇಲಿ ಹಾಕಿ ಖಾಸಗಿ ಗಾಡಿಗಳ ಸ್ವೇಚ್ಛೆಯ ಓಡಾಟ ನಿಲ್ಲಿಸಿತು. ಒರಿಕ್ಸ್‌ಗಳು ಎಂಬ ಹುಲ್ಲೆಗಳು ಇಂದು ಅಲ್ಲಿ ನಿರ್ಭಯವಾಗಿ ಮೇಯುತ್ತಿವೆ. ಅತಿ ಸಜ್ಜಿನ ಗಾಡಿಗಳು ಹೋಗುವುದೇ ಇನ್ನೂ ಯಾರೂ ತುಳಿಯದ ಕಡೆಗೆ.

ಪರದವರ ಮರುಮಾತು

ಹುಂಬತನ ಚಾಲಕನದು, ವಿಂಚಿನದಲ್ಲ. ದಿಬ್ಬದ ಮೇಲೆ ನಿಂತ ಜೊತೆಗಾರನ ಗಾಡಿಗೆ ವಿಂಚಿನ ಹಗ್ಗ ಕಟ್ಟಿದರೆ, ಕೆಳಗಿನ ಗುಂಡಿಯಲ್ಲಿ ಸಿಕ್ಕಿಬಿದ್ದ ಗಾಡಿಯನ್ನು ಇಂಚಿಂಚಾಗಿ ಮೇಲೆತ್ತಬಹುದು. ಹಿಗ್ಗುವ ಹಗ್ಗದಿಂದ ಜಗ್ಗಲು ಎಳೆಯುವ ಗಾಡಿಗೆ ಓಟದ ಜಾಗ ಬೇಕು, ಅದಿಲ್ಲದ ಕಡೆ ಬೇರೆ ದಾರಿ ಯಾವುದು?

ನನ್ನ ತೀರ್ಮಾನ

ಈ ಕೊನೆಯ ಮಾತು ನಿಜ. ಆದರೆ ಆ ವಿಂಚು ಕೆಲಸ ಮಾಡಿದ್ದು ಎರಡನೇ ಗಾಡಿ ಇದ್ದುದರಿಂದ ಎಂಬುದನ್ನು ಮರೆಯಬಾರದು. ನಾನು ವಿರೋಧದ ಕಡೆಗೇ ನಿಲ್ಲುತ್ತೇನೆ. ಪರದವರು ಹೇಳಿದ್ದರಲ್ಲಿ ಹಗ್ಗ, ಕೊಕ್ಕೆ, ಹಲಗೆ, ಸಂಪರ್ಕ ಸಾಧನ ಇವಿಷ್ಟನ್ನು ಪೂರ್ತಿ ಒಪ್ಪುತ್ತೇನೆ, ಏಕೆಂದರೆ ಇವು ಮನುಷ್ಯನನ್ನು ಮನೆಗೆ ತಲುಪಿಸುತ್ತವೆ. ಎತ್ತರಿಸಿದ ಸಸ್ಪೆನ್ಷನ್ನು, ದೊಡ್ಡ ಟೈರು, ಉಕ್ಕಿನ ಬಂಪರು ಆತನನ್ನು ಇನ್ನಷ್ಟು ಒಳಕ್ಕೆ ಕರೆದೊಯ್ಯುತ್ತವೆ. ಹೊಸಬನಿಗೆ ಅದು ಬೇಡ.

ಇಬ್ಬರೂ ಹೆಚ್ಚು ಒತ್ತಿ ಹೇಳದ ಒಂದು ವಸ್ತು ಕಂಪ್ರೆಸರ್. ಇಳಿಸಿದ ಗಾಳಿಯಲ್ಲೇ ಹೆದ್ದಾರಿ ಹತ್ತಿ 120ರ ವೇಗದಲ್ಲಿ ಓಡಿಸಿದರೆ ಟೈರಿನ ಪಕ್ಕೆ ಕಾದು ಸಿಡಿಯುತ್ತದೆ. ದಿಬ್ಬದಲ್ಲಿ ಉಳಿದ ಜೀವ ರಸ್ತೆಯಲ್ಲಿ ಹೋಗುತ್ತದೆ. ನಾಲ್ಕು ಟೈರನ್ನೂ 15ರಿಂದ 35ಕ್ಕೆ ಏರಿಸುವ ತಾಕತ್ತಿರುವುದನ್ನೇ ಕೊಳ್ಳಿ.

ಊರಿಗೆ ಮರಳುವವರಿಗೆ, ರಾಜಸ್ಥಾನದ ಮರಳಿಗೆ ಹೊರಡುವವರಿಗೆ ಎರಡು ಮಾತು. ಭಾರತದಲ್ಲಿ ಅನುಮತಿಯಿಲ್ಲದೆ ಥುರಾಯಾ, ಇರಿಡಿಯಂ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದು ಅಪರಾಧ. ಅದನ್ನು ಕೊಲ್ಲಿಯಲ್ಲೇ ಬಿಟ್ಟು ಬನ್ನಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಮುಂಭಾಗಕ್ಕೆ ಬುಲ್ ಬಾರ್ ಎಂಬ ಲೋಹದ ಕಂಬಿ ಹಾಕಿದವರ ಮೇಲೆ ಕ್ರಮಕ್ಕೆ ಕೇಂದ್ರ ಸರ್ಕಾರ 2017ರಲ್ಲೇ ಸೂಚಿಸಿದೆ.

ಮೊದಲ ಸಂಬಳದ ಉಳಿತಾಯ ಕೈಯಲ್ಲಿದ್ದರೆ ಗಾಳಿ ಅಳೆಯುವ ಗೇಜು, ಕಂಪ್ರೆಸರು, ಸಲಿಕೆ, ಹಗ್ಗ, ಸರಿಯಾದ ಕೊಕ್ಕೆ ಕೊಳ್ಳಿ. ನೀರು ಬೇಕೆನಿಸಿದ್ದಕ್ಕಿಂತ ದುಪ್ಪಟ್ಟು ಹಾಕಿಕೊಳ್ಳಿ. ಉಳಿದ ದುಡ್ಡನ್ನು ಹಾಗೇ ಇಟ್ಟು, ಒಂದು ವರ್ಷ ಪಳಗಿದವರ ಜಾಡಿನ ಹಿಂದೆ ಓಡಿಸಿ ಕಲಿಯಿರಿ. ಜೊತೆಗೆ ಎರಡನೇ ಗಾಡಿ ಬರುವುದಿಲ್ಲವೆಂದು ಗೊತ್ತಾದ ವಾರ ದಯವಿಟ್ಟು ಮರಳಿಗೆ ಇಳಿಯಬೇಡಿ.