ಫೋಟೊ ಇದೆ, ಹೆಸರೇ ಇಲ್ಲ

ನಮ್ಮೂರು ಇಟ್ಟಿಗಿ, ಹೂವಿನಹಡಗಲಿ ತಾಲ್ಲೂಕು. ಕ್ಯಾಂಪಸ್‌ನಲ್ಲಿ ಊರ ಹೆಸರು ಹೇಳಿದ ಕೂಡಲೇ ಯಾರಾದರೊಬ್ಬರು, ‘ಓ, ಮಹಾದೇವ ದೇವಸ್ಥಾನ ಇರೋ ಊರಲ್ವಾ?’ ಅಂತಾರೆ. ಅಲ್ಲ ಮಾರಾಯ! ಅದು ಕೊಪ್ಪಳ ಜಿಲ್ಲೆಯ ಇಟಗಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಇರೋದು ಅಲ್ಲಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡೂ ಊರು ಹೆಚ್ಚುಕಡಿಮೆ ಒಂದೇ. ಮಾತಿನಲ್ಲಾದರೆ ನಾನು ತಿದ್ದುತ್ತೇನೆ. ಬರೀ ಊರ ಹೆಸರಿನ ಟ್ಯಾಗ್ ಹಾಕಿ ಅಪ್‌ಲೋಡ್ ಮಾಡಿದ ಫೋಟೊವನ್ನು ಹತ್ತು ವರ್ಷದ ಮೇಲೆ ಯಾರು ತಿದ್ದುತ್ತಾರೆ?

ಕಳೆದ ರಜೆಯಲ್ಲಿ ಮನೆಯವರ ಫೋಟೊಗಳನ್ನೆಲ್ಲ ಒಂದು ಆನ್‌ಲೈನ್ ಗ್ಯಾಲರಿಗೆ ಹಾಕಿದೆ. ನಾಲ್ಕು ಫೋನು, ಎರಡು ಪೆನ್‌ಡ್ರೈವು, ಒಂದು ಹಳೇ ಆಲ್ಬಮ್ಮು. ಅಜ್ಜಿಯ ಪಕ್ಕ ಕೂತು ತೋರಿಸುತ್ತಾ, ಮದುವೆ ಫೋಟೊದಲ್ಲಿ ಅಜ್ಜನ ಹೆಗಲ ಮೇಲೆ ಕೈಯಿಟ್ಟವರು ಯಾರು ಅಂತ ಕೇಳಿದೆ. ‘ನಿಮ್ಮಜ್ಜ ಇದ್ದಿದ್ರ ಹೇಳ್ತಿದ್ದ’ ಅಂದಳು. ಫೋಟೊ ಸ್ಪಷ್ಟವಾಗಿದೆ, ಬ್ಯಾಕಪ್ ಕೂಡ ಇದೆ. ಮನುಷ್ಯ ಮಾತ್ರ ಕಳೆದುಹೋಗಿದ್ದಾನೆ.

ಹಾಗಾಗಿ ನನ್ನ ವಾದ ಇಷ್ಟೇ: ನಮ್ಮ ಸಮಸ್ಯೆ ಸ್ಟೋರೇಜ್ ಅಲ್ಲ, ಹೆಸರು.

‘ಎಐ ಇದೆಯಲ್ಲ’ ಅನ್ನಬಹುದು. ಅದು ಒಂದೇ ಥರದ ಮುಖಗಳನ್ನು ಗುಂಪು ಮಾಡುತ್ತೆ, ಸರಿ. ಆ ಮುಖ ನಮ್ಮ ಸೋದರಮಾವನದು ಅಂತ ಮೊದಲು ಹೇಳಬೇಕಾದವರು ನಾವೇ. ಮೈಲಾರದ ಜಾತ್ರೆಯನ್ನೂ ಕೊಟ್ಟೂರಿನ ತೇರನ್ನೂ ಅದು ‘ಜನಸಂದಣಿ’ ಅಂತ ಒಂದೇ ಬುಟ್ಟಿಗೆ ಹಾಕಿದರೆ ಆಶ್ಚರ್ಯವಿಲ್ಲ.

ಸ್ಟೋರೇಜ್ ಕೂಡ ಪುಕ್ಕಟೆ ಅಲ್ಲ. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಮಿತಿಯಿಲ್ಲದ ಉಚಿತ ಜಾಗ ಕೊಡೋದನ್ನು ನಿಲ್ಲಿಸಿತು. ಈಗ ಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ತಲಾ 4 ಎಂಬಿ ಅಂದುಕೊಂಡರೆ ನಾಲ್ಕು ಸಾವಿರ ಫೋಟೊನೂ ಹಿಡಿಸಲ್ಲ. ಒಂದೇ ತೇರಿನ ನಲವತ್ತು ಫೋಟೊದಲ್ಲಿ ಮೂರು ಉಳಿಸಿ, ಮಿಕ್ಕಿದ್ದು ಅಳಿಸಿ.

ಉಳಿಸಿದ್ದಕ್ಕೆ ಹೆಸರಿಡಿ. ಇಸವಿ, ತಿಂಗಳು, ಊರು, ಸಂದರ್ಭ: ‘2024-02-ಮೈಲಾರ-ಕಾರಣಿಕ-01’. ಇಸವಿ ಮೊದಲು ಬಂದರೆ ಫೈಲುಗಳು ತಾವೇ ಕಾಲಕ್ರಮದಲ್ಲಿ ಕೂರುತ್ತವೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ತೆಗೆದ ದಿನ, ಜಾಗದ ಮಾಹಿತಿ ಹಾರಿಹೋಗುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ನೀವೇ ಗ್ಯಾಲರಿ ಕಟ್ಟುವುದಾದರೆ ಮೊದಲು ಚಿಕ್ಕ ಥಂಬ್‌ನೇಲ್ ತೋರಿಸಿ. ಪುಟಕ್ಕೆ 50 ಮೂಲ ಫೋಟೊ ಅಂದರೆ 200 ಎಂಬಿ. ನಮ್ಮೂರ ನೆಟ್‌ವರ್ಕ್‌ನಲ್ಲಿ ಅದು ತೆರೆಯೋ ಹೊತ್ತಿಗೆ ತೇರು ಗುಡಿ ಸೇರಿರುತ್ತೆ.

ಊರಿನ ಗುಡಿ, ಕೆರೆ, ಶಾಸನದ ಫೋಟೊ ನೀವೇ ತೆಗೆದಿದ್ದರೆ ವಿಕಿಮೀಡಿಯ ಕಾಮನ್ಸ್‌ಗೂ ಹಾಕಿ. ಅಲ್ಲಿ ಕನ್ನಡದಲ್ಲೇ ವಿವರ ಬರೆಯಬಹುದು. ತಾಲ್ಲೂಕಿನ ಹೆಸರು ಮರೀಬೇಡಿ.

ನಾವು ಡೇಟಾಬೇಸ್ ಪರೀಕ್ಷೆಗೆ ಪ್ರೈಮರಿ ಕೀ ಬಗ್ಗೆ ಎರಡು ಪುಟ ಬರೀತೀವಿ. ಮನೆಯ ಫೋಟೊಗೆ ಒಂದು ಸಾಲು ಬರೆಯೋಕೆ ಆಗಲ್ವಾ? ಈ ಸಲ ಊರಿಗೆ ಹೋದಾಗ ಹತ್ತೇ ಫೋಟೊ ತೆರೆದು ಹಿರಿಯರ ಮುಂದಿಡಿ, ಅವರು ಹೇಳಿದ್ದನ್ನು ಆಗಲೇ ಟೈಪ್ ಮಾಡಿ. ಅಪ್‌ಲೋಡ್ ನಾಳೆ ಮಾಡಿದರೂ ನಡೆಯುತ್ತೆ.